ಚೊಚ್ಚಲ ಹೆರಿಗೆ: ಊರಲ್ಲೋ, ಮುಂಬಯಿಯಲ್ಲೋ?

ಮಗಳಿಗೋ ಸೊಸೆಗೋ ಮೂರು ತಿಂಗಳು ತುಂಬಿ ಸುದ್ದಿ ಹೊರಬಿತ್ತೆಂದರೆ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ಹೆರಿಗೆ ಎಲ್ಲಿ? ನಲವತ್ತು ವರ್ಷಗಳ ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಚಾಳಿನ ಒಂದು ಕೋಣೆಯಲ್ಲಿ ಅತ್ತೆ, ಮಾವ, ಮೈದುನಂದಿರು, ಜತೆಗೆ ಊರಿನಿಂದ ಕೆಲಸ ಹುಡುಕಿ ಬಂದ ಇಬ್ಬರು ನೆಂಟರು. ಅಲ್ಲಿ ಬಾಣಂತಿಗೆ ಚಾಪೆ ಹಾಸಲೂ ಜಾಗವಿರಲಿಲ್ಲ. ಏಳನೇ ತಿಂಗಳಲ್ಲಿ ಕರಾವಳಿಯವರು ಬಯಕೆ, ಉತ್ತರ ಕರ್ನಾಟಕದವರು ಕುಬಸ, ಹಳೆ ಮೈಸೂರಿನವರು ಸೀಮಂತ ಮುಗಿಸಿ ಗರ್ಭಿಣಿಯನ್ನು ತವರಿಗೆ ಕಳುಹಿಸಿಬಿಡುತ್ತಿದ್ದರು. ಕರಾವಳಿಯ ಹೆಣ್ಣುಮಕ್ಕಳ ಪಾಡು ಹೆಚ್ಚು ಕಷ್ಟದ್ದು. ಘಟ್ಟ ಹತ್ತಿ ಇಳಿಯುವ ಬಸ್ಸಿನಲ್ಲಿ ಇಡೀ ರಾತ್ರಿ, ಮರುದಿನವೂ ಒಂದಷ್ಟು ಹೊತ್ತು ಕುಳಿತೇ ಹೋಗಬೇಕಿತ್ತು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದ ಮೇಲೆ ಮತ್ಸ್ಯಗಂಧದ ಕೆಳಗಿನ ಬರ್ತ್‌ನಲ್ಲಿ ಮಲಗಿ ಹೋಗುವಂತಾದದ್ದು ಎಷ್ಟು ಗರ್ಭಿಣಿಯರ ಸೊಂಟ ಉಳಿಸಿತೋ ಲೆಕ್ಕವಿಲ್ಲ.

ಈಗ ಹಾಗಿಲ್ಲ. ಇಂದು ಚೊಚ್ಚಲ ಬಸುರಿಯಾಗಿರುವ ಹುಡುಗಿ ಹುಟ್ಟಿದ್ದೇ ಮುಂಬಯಿಯಲ್ಲಿ. ಅವಳ ತವರೆಂದರೆ ಡೊಂಬಿವಲಿಯ ಅಥವಾ ಮೀರಾರೋಡಿನ ಒಂದು ಫ್ಲ್ಯಾಟು. ಊರಿನ ಹಿರಿಯರ ಮನೆಗೆ ಬೀಗ ಬಿದ್ದಿದೆ. ವರ್ಷಕ್ಕೊಮ್ಮೆ ಕೋಲಕ್ಕೋ ಪೂಜೆಗೋ ಬಾಗಿಲು ತೆರೆಯುತ್ತದೆ. ಬಾಣಂತನ ಮಾಡಬೇಕಾದ ತಾಯಿಗೆ ಮೊಣಕಾಲು ನೋವು, ಸಕ್ಕರೆ ಕಾಯಿಲೆ; ಇಲ್ಲವೇ ಆಕೆಗೂ ನಿವೃತ್ತಿಗೆ ಇನ್ನೂ ಎರಡು ವರ್ಷ ಬಾಕಿ. ಇತ್ತ ಊರಲ್ಲಿ ಅಜ್ಜಿ ಇದ್ದಾರೆ, ಹಂಡೆ ನೀರಿದೆ, ಅಂಗಳವಿದೆ, ಮೀಯಿಸಲು ಗೊತ್ತಿರುವ ಹೆಂಗಸು ಪಕ್ಕದ ಮನೆಯಲ್ಲೇ ಇದ್ದಾರೆ. ಎರಡು ತಕ್ಕಡಿಯೂ ಸಮ ತೂಗುತ್ತವೆ. ಆದ್ದರಿಂದಲೇ ಮನೆಮನೆಗಳಲ್ಲಿ ಈ ಮಾತು ಬಂದಾಗ ಬೀಗರ ನಡುವೆ ಸಣ್ಣಗೆ ಮುನಿಸು ಹುಟ್ಟುವುದೂ ಉಂಟು.

ಊರಿಗೆ ಹೋಗುವುದೆಂದು ನಿರ್ಧರಿಸಿದವರು ಮಾಡುವ ದೊಡ್ಡ ಎಡವಟ್ಟು ತಡವಾಗಿ ಹೊರಡುವುದು. ರಜೆ ಉಳಿಸಬೇಕೆಂದು ಒಂಬತ್ತನೇ ತಿಂಗಳವರೆಗೂ ಲೋಕಲ್ ಟ್ರೇನಿನಲ್ಲಿ ನೇತಾಡಿ, ಕೊನೆಗೆ ಒಂದು ವಾರ ಇರುವಾಗ ರೈಲು ಹತ್ತುವವರಿದ್ದಾರೆ. 37 ವಾರಕ್ಕೆ ಮೊದಲೇ ನೋವು ಕಾಣಿಸಿಕೊಂಡರೆ ಅದು ಅವಧಿಪೂರ್ವ ಹೆರಿಗೆ. ರತ್ನಾಗಿರಿಯ ಸುರಂಗದೊಳಗೆ ಅದು ಶುರುವಾದರೆ ಮಾಡುವುದೇನು? ಎಂಟನೇ ತಿಂಗಳು ಹಿಡಿಯುವ ಹೊತ್ತಿಗೆ ಊರು ಸೇರಿ, ಅಲ್ಲಿನ ಆಸ್ಪತ್ರೆಯಲ್ಲಿ ಹೆಸರು ಬರೆಸಿ, ಹೆರಿಗೆ ಮಾಡಿಸುವ ವೈದ್ಯರಿಗೆ ಕನಿಷ್ಠ ಎರಡು ಮೂರು ಸಲವಾದರೂ ತೋರಿಸಿರಬೇಕು. ಮುಂಬಯಿಯ ಫೈಲು ಪೂರ್ತಿಯಾಗಿ ಜತೆಗಿರಲಿ: ರಕ್ತದ ಗುಂಪು, ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್ ವರದಿ, ಐದನೇ ತಿಂಗಳ ಸ್ಕ್ಯಾನಿಂಗ್, ತೆಗೆದುಕೊಂಡ ಟಿ.ಡಿ. ಚುಚ್ಚುಮದ್ದಿನ ತಾರೀಕು. ರೈಲಿನಲ್ಲಿ ಗರ್ಭಿಣಿಯರಿಗೂ ಕೆಳಗಿನ ಬರ್ತ್‌ನ ಕೋಟಾ ಇದೆ ಎಂಬುದು ಅನೇಕರಿಗೆ ಗೊತ್ತೇ ಇಲ್ಲ. ಹಾಗೆಯೇ ನಗರದ ಲೋಕಲ್‌ಗಳಲ್ಲಿ ಗರ್ಭಿಣಿಯರು ದಿವ್ಯಾಂಗರ ಡಬ್ಬಿಯಲ್ಲಿ ಪ್ರಯಾಣಿಸಬಹುದು; ಹೆಂಗಸರ ಡಬ್ಬಿಯ ಬಾಗಿಲಲ್ಲಿ ಮೊಣಕೈ ತಿವಿಸಿಕೊಳ್ಳುವ ಅಗತ್ಯವಿಲ್ಲ.

ಊರಲ್ಲಿರಲಿ ಇಲ್ಲಿರಲಿ, ಕೆಲವು ಲಕ್ಷಣಗಳಿಗೆ ಕಷಾಯ ಮಾಡಿ ಕಾಯುತ್ತಾ ಕೂರಬಾರದು. ರಕ್ತಸ್ರಾವ, ನೀರು ಹೋಗುವುದು, ತಲೆ ಸಿಡಿಯುವಂಥ ನೋವಿನೊಡನೆ ಕಣ್ಣು ಮಂಜಾಗುವುದು, ಮುಖ ಕೈ ಒಮ್ಮೆಲೇ ಊದಿಕೊಳ್ಳುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು: ಇವುಗಳಲ್ಲಿ ಒಂದು ಕಂಡರೂ ರಾತ್ರಿಯೋ ಹಗಲೋ ನೋಡದೆ ಆಸ್ಪತ್ರೆಗೆ ಹೊರಡಬೇಕು. 108ರ ಆಂಬುಲೆನ್ಸ್ ಸೇವೆ ಕರ್ನಾಟಕ, ಮಹಾರಾಷ್ಟ್ರ ಎರಡರಲ್ಲೂ ಇದೆ.

ರಜೆಯ ಲೆಕ್ಕವನ್ನೂ ಇಲ್ಲೇ ಹೇಳಿಬಿಡಬೇಕು. 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ ಸಂಬಳಸಹಿತ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಇದರಲ್ಲಿ 8 ವಾರದವರೆಗೆ ಹೆರಿಗೆಗೆ ಮೊದಲೇ ತೆಗೆದುಕೊಳ್ಳಬಹುದು. ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಚೇರಿಯಲ್ಲಿ ಶಿಶುವಿಹಾರದ ವ್ಯವಸ್ಥೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಬಹುದು. ಕಾನೂನು ಚೆನ್ನಾಗಿಯೇ ಇದೆ. ಆದರೆ ನಮ್ಮ ಹೆಣ್ಣುಮಕ್ಕಳಲ್ಲಿ ಬಹಳಷ್ಟು ಮಂದಿ ದುಡಿಯುವುದು ಏಳೆಂಟು ಜನರ ಲೆಕ್ಕಪತ್ರದ ಕಚೇರಿಯಲ್ಲಿ, ಕ್ಲಿನಿಕ್ಕಿನಲ್ಲಿ, ಖಾಸಗಿ ಟ್ಯೂಷನ್ ಕ್ಲಾಸಿನಲ್ಲಿ. ಅಲ್ಲಿ ಬಸುರಿಯೆಂದರೆ ರಾಜೀನಾಮೆ ಎಂದೇ ಅರ್ಥ. ಗಂಡಂದಿರಿಗಾದರೋ ಕೇಂದ್ರ ಸರಕಾರಿ ನೌಕರರಾದರೆ 15 ದಿನ ಪಿತೃತ್ವ ರಜೆ ಸಿಗುತ್ತದೆ, ಖಾಸಗಿಯವರಿಗೆ ಧಣಿಯ ಮರ್ಜಿ. ಊರಲ್ಲಿ ಹೆರಿಗೆಯಾದರೆ ಹೊಟೇಲಿನ ಗಲ್ಲಾದಲ್ಲಿ ಕೂರುವ ಗಂಡ ಮಗುವಿನ ಮುಖ ನೋಡುವುದು ಮೂರನೇ ದಿನ, ಎತ್ತಿ ಆಡಿಸುವುದು ಮೂರನೇ ತಿಂಗಳು.

ಎರಡು ಕೋಣೆಯ ಬಾಣಂತನ

ಮುಂಬಯಿಯಲ್ಲೇ ಹೆರುವವರ ಸಂಖ್ಯೆ ಹೆಚ್ಚುತ್ತಿರುವುದರಿಂದ ಬಾಣಂತನವೂ ವೇಷ ಬದಲಿಸಿಕೊಂಡಿದೆ. ಹಂಡೆಯ ಜಾಗಕ್ಕೆ ಹದಿನೈದು ಲೀಟರಿನ ಗೀಸರ್ ಬಂದಿದೆ. ಅದೂ ಬೆಳಗ್ಗೆ ನಳ್ಳಿಯಲ್ಲಿ ನೀರು ಬರುವ ಹೊತ್ತಿಗೆ ಹೊಂದಿಸಿಕೊಳ್ಳಬೇಕು. ಮೀಯಿಸಲು ಬರುವವಳು ಮರಾಠಿ ಮಾತನಾಡುವ ಮಾಲಿಶ್ ಬಾಯಿ. ಊರಿನ ಓಲೆಬೆಲ್ಲ, ಮೆಂತೆಗಂಜಿ, ಬೆಳ್ಳುಳ್ಳಿ ಚಟ್ನಿಯ ಪಕ್ಕದಲ್ಲೇ ನೆರೆಮನೆಯ ಕಾಕಿ ತಂದುಕೊಟ್ಟ ಅಂಟಿನ ಉಂಡೆ ಕೂತಿರುತ್ತದೆ. ಮರಾಠಿಗರು ಅದನ್ನು ಡಿಂಕಾಚೆ ಲಾಡೂ ಎಂದರೆ ಬಿಜಾಪುರ, ಬೆಳಗಾವಿ ಕಡೆಯವರಿಗೆ ಅದು ತಮ್ಮದೇ ಮನೆಯ ತಿಂಡಿ. ಅಳವಿ ಪಾಯಸವೂ ಹಾಗೆಯೇ. ಹೊಟ್ಟೆ ತುಂಬ ಅನ್ನ, ಬೇಳೆ, ಸೊಪ್ಪು, ತುಪ್ಪ, ಮೀನು ತಿನ್ನುವ ಮನೆಗಳಲ್ಲಿ ಮೀನು: ಬಾಣಂತಿಗೆ ಬೇಕಾದದ್ದು ಇದೇ. ಬಸುರಿಯಲ್ಲಿ ನುಂಗುತ್ತಿದ್ದ ಕಬ್ಬಿಣಾಂಶದ ಮಾತ್ರೆಯನ್ನು ಹೆರಿಗೆಯ ನಂತರವೂ 180 ದಿನ ಮುಂದುವರಿಸಬೇಕು. ಮಗು ಕೈಗೆ ಬಂದ ಮೇಲೆ ಮಾತ್ರೆಯ ಡಬ್ಬಿ ಮರೆತುಹೋಗುವುದೇ ಹೆಚ್ಚು.

ಹಿರಿಯರ ಕಟ್ಟುಪಾಡುಗಳನ್ನೆಲ್ಲ ಮೂಢನಂಬಿಕೆಯೆಂದು ಬದಿಗೆ ತಳ್ಳುವುದು ಅವಿವೇಕ. ನಲವತ್ತು ದಿನ ಬಾಣಂತಿ ಒಲೆಯ ಬಳಿ ಹೋಗಬಾರದು, ಭಾರ ಎತ್ತಬಾರದು, ಮಗುವಿನ ಪಕ್ಕದಲ್ಲೇ ಮಲಗಿರಬೇಕು ಎಂದವರು ಹೆಣ್ಣಿನ ಮೈಯನ್ನು ಬಲ್ಲವರೇ. ಕಂಡಕಂಡವರು ಬಂದು ಮಗುವನ್ನು ಮುಟ್ಟದಂತೆ ಅಮೆಯ ಹೆಸರಿನಲ್ಲಿ ದೂರ ಇಟ್ಟದ್ದರಿಂದ ಮಗುವಿಗೆ ಸೋಂಕೂ ದೂರವಿದ್ದಿರಬೇಕು. ಆದರೆ ಕೆಲವನ್ನು ಬಿಡಲೇಬೇಕು. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ಲೋಟಕ್ಕೆ ಲೆಕ್ಕ ಇಡುವ ಅಜ್ಜಿಯರು ಈಗಲೂ ಇದ್ದಾರೆ. ಹಾಲೂಡಿಸುವ ತಾಯಿಗೆ ಬಾಯಾರಿಕೆ ಹೆಚ್ಚು. ಮುಂಬಯಿಯ ಮೇ ತಿಂಗಳ ಸೆಕೆಯಲ್ಲಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ, ತಲೆಗೆ ಸ್ಕಾರ್ಫ್ ಕಟ್ಟಿಸಿಕೊಂಡು ನೀರಿಲ್ಲದೆ ಕೂತರೆ ಮಲಬದ್ಧತೆ, ಮೂತ್ರದ ಉರಿ, ತಲೆಸುತ್ತು ಬಂದೇ ಬರುತ್ತದೆ. ಬೇಕಾದಷ್ಟು ಕುಡಿಯಲಿ. ಊರಿನ ದೊಡ್ಡ ಮನೆಯಲ್ಲಿ ಹಾಕುತ್ತಿದ್ದ ಧೂಪದ ಹೊಗೆ ಹಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತಿತ್ತು. ಹತ್ತಡಿಯ ಬೆಡ್‌ರೂಮಿನಲ್ಲಿ ಅದು ಹೋಗುವುದು ಮಗುವಿನ ಶ್ವಾಸಕೋಶಕ್ಕೆ.

ಹುಟ್ಟಿದ ಮಗುವಿಗೆ ಚಿನ್ನ ತೇಯ್ದು ಜೇನಿನಲ್ಲಿ ನೆಕ್ಕಿಸುವುದು, ಬಜೆ ತೇಯ್ದು ನಾಲಿಗೆಗೆ ಸವರುವುದು, ಗುಟ್ಟಿ ಕುಡಿಸುವುದು ಪ್ರೀತಿಯಿಂದಲೇ ನಡೆಯುತ್ತವೆ. ಆದರೆ ಒಂದು ವರ್ಷ ತುಂಬುವವರೆಗೆ ಜೇನು ಮಗುವಿಗೆ ವಿಷವಾಗಬಲ್ಲದು. ಅದರಲ್ಲಿರಬಹುದಾದ ಒಂದು ಜಾತಿಯ ರೋಗಾಣು ಎಳೆಗರುಳಿನಲ್ಲಿ ಬೆಳೆದು ನರಗಳನ್ನು ಸೋಲಿಸುತ್ತದೆ. ಹೊಕ್ಕುಳಿಗೆ ಎಣ್ಣೆ, ಅರಸಿನ, ಬೂದಿ ಯಾವುದೂ ಬೇಡ, ಒಣಗಿದಂತಿರಲಿ, ತಾನೇ ಬೀಳುತ್ತದೆ. ಮಾಲಿಶ್ ಬಾಯಿ ಮೈಗೆ ಎಣ್ಣೆ ತೀಡುವುದು ಒಳ್ಳೆಯದೇ. ಆದರೆ ಕಿವಿಗೆ ಮೂಗಿಗೆ ಎಣ್ಣೆ ಬಿಡುವುದು, ಮಗುವಿನ ಎದೆ ಉಬ್ಬಿದೆಯೆಂದು ಹಿಂಡುವುದು ಕಂಡರೆ ಅಲ್ಲೇ ತಡೆಯಬೇಕು. ಆ ಉಬ್ಬು ತಾಯಿಯ ಹಾರ್ಮೋನಿನಿಂದ ಬಂದದ್ದು, ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಹಿಂಡಿದರೆ ಕೀವಾಗುತ್ತದೆ. ಇದನ್ನೆಲ್ಲ ಹೊಸ ತಾಯಿ ಅತ್ತೆಗೆ ಹೇಳಿದರೆ ಎದುರುತ್ತರವಾಗುತ್ತದೆ. ಎಂಟನೇ ತಿಂಗಳಲ್ಲಿ ಅತ್ತೆಯನ್ನೂ ತಾಯಿಯನ್ನೂ ಒಮ್ಮೆ ವೈದ್ಯರ ಬಳಿಗೆ ಜತೆಯಲ್ಲೇ ಕರೆದೊಯ್ದು ಅವರ ಬಾಯಿಂದಲೇ ಹೇಳಿಸುವ ಉಪಾಯವನ್ನು ಕೆಲವು ಜಾಣ ಗಂಡಂದಿರು ಕಂಡುಕೊಂಡಿದ್ದಾರೆ.

"ಹಾಲು ಸಾಲದು"

ಹೊಸ ತಾಯಿಯನ್ನು ಮೊದಲ ವಾರದಲ್ಲೇ ಕುಗ್ಗಿಸುವ ಮಾತು ಇದೊಂದು. ಮಗು ಅತ್ತರೆ ಹಾಲು ಸಾಲದು, ನಿದ್ರಿಸಿದರೆ ಹಾಲಿನಲ್ಲಿ ಸತ್ವವಿಲ್ಲ. ನೋಡಲು ಬಂದ ನೆಂಟರಲ್ಲಿ ಒಬ್ಬರಾದರೂ ಹೀಗೆ ಅನ್ನದೆ ಹೋಗುವುದಿಲ್ಲ. ಸಂಜೆಯ ಹೊತ್ತಿಗೆ ಹಾಲಿನಪುಡಿಯ ಡಬ್ಬಿ ಮನೆ ಸೇರಿರುತ್ತದೆ. ಎಳೆಮಕ್ಕಳ ಹಾಲಿನಪುಡಿಯ ಜಾಹೀರಾತು ಮಾಡಬಾರದೆಂದು ದೇಶದಲ್ಲಿ 1992ರಲ್ಲೇ ಕಾನೂನು ಬಂದಿದೆ. ನೆಂಟರ ಬಾಯಿಗೆ ಕಾನೂನಿಲ್ಲ.

ನಿಜ ಸಂಗತಿ ಇಷ್ಟು. ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಚ್ಚಬೇಕು. ಮೊದಲ ಎರಡು ಮೂರು ದಿನ ಬರುವ ಹಳದಿ ಬಣ್ಣದ ಗಟ್ಟಿ ಹಾಲು ಚಮಚದಷ್ಟೇ ಇರುತ್ತದೆ. ಗೋಲಿಯಷ್ಟಿರುವ ಮಗುವಿನ ಹೊಟ್ಟೆಗೆ ಅಷ್ಟು ಸಾಕು, ರೋಗ ತಡೆಯುವ ಶಕ್ತಿ ಅದರಲ್ಲೇ ಇರುವುದು. ಅದನ್ನು ಹಿಂಡಿ ಚೆಲ್ಲುವ ರೂಢಿ ನಮ್ಮಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಮೊದಲ ದಿನಗಳಲ್ಲಿ ಮಗುವಿನ ತೂಕ ಸ್ವಲ್ಪ ಇಳಿಯುವುದು ಸಹಜ, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳುತ್ತದೆ. ಐದನೇ ದಿನದ ನಂತರ ದಿನಕ್ಕೆ ಆರು ಸಲವೋ ಹೆಚ್ಚೋ ಉಚ್ಚೆ ಹೊಯ್ಯುತ್ತಿದ್ದು ತೂಕವೂ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಎಂದೇ ಲೆಕ್ಕ. ಆರು ತಿಂಗಳು ತುಂಬುವವರೆಗೆ ತಾಯಿಹಾಲಲ್ಲದೆ ನೀರೂ ಬೇಡ. ಮೊಲೆತೊಟ್ಟು ಬಿರಿದು ರಕ್ತ ಬಂದರೆ ಸಾಮಾನ್ಯವಾಗಿ ಮಗು ತೊಟ್ಟನ್ನಷ್ಟೇ ಕಚ್ಚಿ ಹೀರುತ್ತಿದೆ ಎಂದರ್ಥ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗುವಂತೆ ಹಿಡಿಸಬೇಕು. ಇದನ್ನು ಆಸ್ಪತ್ರೆಯ ನರ್ಸ್ ಕೈಹಿಡಿದು ಕಲಿಸುವವರೆಗೆ ಡಿಸ್ಚಾರ್ಜ್ ಬೇಡ ಎಂದು ಹಟ ಹಿಡಿದರೂ ತಪ್ಪಿಲ್ಲ.

ತಾಯಿಹಾಲಿನ ಬೆಲೆ ತಿಳಿಯಬೇಕಾದರೆ ಮುಂಬಯಿಗರು ದೂರ ಹೋಗಬೇಕಾಗಿಲ್ಲ. ಸಯನ್‌ನ ಲೋಕಮಾನ್ಯ ತಿಲಕ್ ಮುನಿಸಿಪಲ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ ಅವರು 1989ರಲ್ಲಿ ತಾಯಿಹಾಲಿನ ಬ್ಯಾಂಕ್ ಆರಂಭಿಸಿದರು. ಏಷ್ಯಾದಲ್ಲೇ ಅದು ಮೊದಲನೆಯದು. ಹೆಚ್ಚು ಹಾಲಿರುವ ತಾಯಂದಿರು ಕೊಟ್ಟದ್ದನ್ನು ಪರೀಕ್ಷಿಸಿ, ಹದವಾಗಿ ಕಾಯಿಸಿ, ಶೀತಲವಾಗಿಟ್ಟು ದಿನ ತುಂಬದೆ ಹುಟ್ಟಿದ, ಅಂಗೈಯಷ್ಟಿರುವ ಶಿಶುಗಳಿಗೆ ಕೊಡುತ್ತಾರೆ. ಕೊಡುವವಳಿಗೂ ಕುಡಿಯುವ ಮಗುವಿಗೂ ಜಾತಿ ಭಾಷೆಯ ಲೆಕ್ಕವಿಲ್ಲದ ಬ್ಯಾಂಕು ಇದೊಂದೇ ಇರಬೇಕು.

ಕೆಲಸಕ್ಕೆ ಮರಳುವ ತಾಯಿ ಹಾಲನ್ನು ಶುಭ್ರವಾದ ಸ್ಟೀಲ್ ಪಾತ್ರೆಯಲ್ಲಿ ಹಿಂಡಿ ಫ್ರಿಜ್ಜಿನ ಒಳಭಾಗದಲ್ಲಿಟ್ಟು ಹೋಗಬಹುದು. ಹೊರಗೆ ಇಟ್ಟರೆ ತಂಪಿನ ದಿನಗಳಲ್ಲಿ ನಾಲ್ಕು ಗಂಟೆ ಕೆಡುವುದಿಲ್ಲ, ಸೆಕೆಯಲ್ಲಿ ಅಷ್ಟು ಕಾಯಬಾರದು. ಕೊಡುವಾಗ ಕುದಿಸದೆ ಬಿಸಿನೀರಿನ ಪಾತ್ರೆಯಲ್ಲಿಟ್ಟು ಚಮಚದಲ್ಲಿ ಕುಡಿಸಿದರಾಯಿತು.

ಮನಸ್ಸಿನ ಬಾಣಂತನ ಯಾರ ಕೈಯಲ್ಲಿ?

ಮೈಗೆ ಎಣ್ಣೆ, ಹೊಟ್ಟೆಗೆ ಲೇಹ್ಯ, ಮಗುವಿಗೆ ತೊಟ್ಟಿಲು ಎಲ್ಲವನ್ನೂ ಹೊಂದಿಸುವ ಮನೆಯವರು ನೋಡದೆ ಬಿಡುವುದು ಒಂದನ್ನು. ಹೆರಿಗೆಯಾದ ಮೂರನೆಯ ನಾಲ್ಕನೆಯ ದಿನಕ್ಕೆ ಕಾರಣವಿಲ್ಲದೆ ಅಳು ಬರುವುದು, ಸಣ್ಣ ಮಾತಿಗೂ ಸಿಡುಕುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರಲ್ಲಿ ಇದ್ದದ್ದೇ. ಹತ್ತು ಹದಿನೈದು ದಿನಗಳಲ್ಲಿ ಅದು ತಿಳಿಯಾಗುತ್ತದೆ. ತಿಳಿಯಾಗದೆ ಮುಂದುವರಿದರೆ, ಇಲ್ಲವೇ ಎರಡು ಮೂರು ತಿಂಗಳ ಮೇಲೆ ಶುರುವಾದರೆ, ಅದು ಖಿನ್ನತೆ. ಭಾರತದ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್ ಪ್ರಕಟಿಸಿದ ಲೇಖನದಂತೆ ಹೆತ್ತ ಹೆಂಗಸರಲ್ಲಿ ಶೇ. 22ರಷ್ಟು ಮಂದಿಗೆ ಇದು ಕಾಡುತ್ತದೆ. ಐವರಲ್ಲಿ ಒಬ್ಬರಿಗೆ ಎಂದಾಯಿತು.

ಡೊಂಬಿವಲಿಯ ಒಬ್ಬ ತಾಯಿಯ ಸಂಗತಿ ಅನೇಕ ಮನೆಗಳಿಗೆ ಅನ್ವಯಿಸುತ್ತದೆ. ಊರಲ್ಲಿ ಹೆರಿಗೆಯಾಗಿ ಮೂರು ತಿಂಗಳು ಅಜ್ಜಿ, ಅಮ್ಮ, ಚಿಕ್ಕಮ್ಮಂದಿರ ನಡುವೆ ಇದ್ದವಳು. ತೊಟ್ಟಿಲು ಹಾಕಿಸಿಕೊಂಡು ಏಳನೇ ಮಾಳಿಗೆಯ ಫ್ಲ್ಯಾಟಿಗೆ ಮರಳಿದಳು. ಗಂಡ ಬೆಳಗ್ಗೆ ಆರೂ ನಲವತ್ತರ ಲೋಕಲ್ ಹಿಡಿದರೆ ರಾತ್ರಿ ಒಂಬತ್ತಕ್ಕೆ ಬರುವವನು. ಅತ್ತೆ ಬಂದು ಹದಿನೈದು ದಿನವಿದ್ದು ಊರಿಗೆ ಹೋದರು. ನೆರೆಯ ನಾಲ್ಕೂ ಬಾಗಿಲು ದಿನವಿಡೀ ಮುಚ್ಚಿಯೇ ಇರುತ್ತಿದ್ದವು. ಅವಳು ಮಗುವಿಗೆ ಹಾಲು ಕೊಡುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಆದರೆ ತಾನು ಮೀಯುವುದನ್ನು ಬಿಟ್ಟಿದ್ದಳು. ಮಗು ಮಲಗಿದರೂ ಅವಳಿಗೆ ನಿದ್ರೆಯಿಲ್ಲ. ಫೋನಿನಲ್ಲಿ ಅಮ್ಮನಿಗೆ "ಎಲ್ಲ ಹುಷಾರು" ಎನ್ನುತ್ತಿದ್ದಳು. "ನಾವೆಲ್ಲ ನಾಲ್ಕು ನಾಲ್ಕು ಹೆತ್ತು ಗದ್ದೆ ಕೆಲಸಕ್ಕೂ ಹೋಗಿದ್ದೇವೆ" ಎಂಬ ಅತ್ತೆಯ ಮಾತು ಕಿವಿಯಲ್ಲಿತ್ತು. ಒಂದು ದಿನ ಅವಳು ಬಾಲ್ಕನಿಯ ಬಾಗಿಲಿಗೆ ಬೀಗ ಹಾಕಿ ಬೀಗದಕೈಯನ್ನು ಅಕ್ಕಿ ಡಬ್ಬಿಯ ತಳದಲ್ಲಿಟ್ಟಳು. ಯಾಕೆಂದು ಯಾರಿಗೂ ಹೇಳಲಿಲ್ಲ.

ಗೊತ್ತಾದದ್ದು ಸಂಘದ ಮಹಿಳಾ ವಿಭಾಗದ ಹಿರಿಯ ಸದಸ್ಯೆಯೊಬ್ಬರಿಗೆ. ಅರಸಿನ ಕುಂಕುಮಕ್ಕೆ ಕರೆಯಲು ಬಂದವರು ಅವಳ ತಲೆಗೂದಲನ್ನು ನೋಡಿ ಒಳಗೆ ಬಂದು ಕುಳಿತರು. ಮಗುವನ್ನು ಮಡಿಲಿಗೆ ಹಾಕಿಕೊಂಡು "ನೀನು ಹೋಗಿ ಮಿಂದು ಬಾ ಮಗಾ, ನಾನಿದ್ದೇನೆ" ಎಂದರು. ಅವಳು ಬಚ್ಚಲಿನಿಂದ ಹೊರಬರಲು ಒಂದು ಗಂಟೆ ಹಿಡಿಯಿತು. ಬಂದವಳು ಬೀಗದಕೈಯ ವಿಷಯ ಹೇಳಿದಳು. ಅಂದೇ ರಾತ್ರಿ ಆ ಹಿರಿಯರು ಗಂಡನನ್ನು ಕೂರಿಸಿ ಮಾತಾಡಿ, ಮರುದಿನ ಮನೋವೈದ್ಯರ ಬಳಿಗೆ ಜತೆಯಲ್ಲಿ ಹೋದರು. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳಿವೆ ಎಂಬುದು ಆಗ ತಿಳಿಯಿತು. ಊರಿನಿಂದ ಅಮ್ಮ ಬಂದರು. ಗಂಡ ಪಾಳಿ ಬದಲಿಸಿಕೊಂಡ. ಕೆಲವು ತಿಂಗಳಲ್ಲಿ ಹುಡುಗಿ ಚೇತರಿಸಿಕೊಂಡಳು.

ಹಿಂದಿನವರಿಗೂ ಇದು ಗೊತ್ತಿಲ್ಲದ ವಿಷಯವಲ್ಲ. "ಬಾಣಂತಿ ಸನ್ನಿ" ಎಂಬ ಮಾತು ಎಲ್ಲ ಊರುಗಳಲ್ಲೂ ಇತ್ತು. ಇಲ್ಲದ ದನಿ ಕೇಳುವುದು, ಮಗು ತನ್ನದಲ್ಲವೆನ್ನುವುದು, ನಿದ್ರೆ ಪೂರ್ತಿ ಬಿಟ್ಟುಹೋಗುವುದು, ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಮಾತು ಬರುವುದು ಅದರ ಲಕ್ಷಣ. ಸಾವಿರದಲ್ಲಿ ಒಬ್ಬಿಬ್ಬರಿಗೆ ಬರುವ ಇದಕ್ಕೆ ಮಂತ್ರ, ನೂಲು, ಮಂತ್ರಿಸಿದ ಕುಂಕುಮವೆಂದು ದಿನ ಕಳೆಯಬಾರದು. ಅದೇ ದಿನ ಆಸ್ಪತ್ರೆ ಸೇರಿಸಬೇಕು, ತಾಯಿ ಮಗುವನ್ನು ಒಂಟಿಯಾಗಿ ಬಿಡಬಾರದು. ಖಿನ್ನತೆಯ ಸಂಶಯವಿದ್ದು ಯಾರ ಬಳಿ ಹೇಳುವುದೆಂದು ತಿಳಿಯದವರಿಗೆ ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ ಇದೆ. ಸಂಖ್ಯೆ 14416, ಕರೆಗೆ ಹಣವಿಲ್ಲ, ಕನ್ನಡದಲ್ಲೂ ಮಾತನಾಡಬಹುದು.

ಮಹಾನಗರದ ಸಂಘಸಂಸ್ಥೆಗಳು ವರ್ಷಕ್ಕೊಮ್ಮೆ ಆರೋಗ್ಯ ಶಿಬಿರ ನಡೆಸುತ್ತವೆ. ರಕ್ತದೊತ್ತಡ, ಸಕ್ಕರೆ, ಕಣ್ಣು ತಪಾಸಣೆ, ಕನ್ನಡಕ ವಿತರಣೆ. ಬಂದವರಲ್ಲಿ ಬಹುಪಾಲು ಅರುವತ್ತು ದಾಟಿದವರು, ಅವರಿಗೂ ಅದು ಬೇಕು. ಆದರೆ ಆಟಿಡೊಂಜಿ ದಿನಕ್ಕೆ ಮೂವತ್ತು ಬಗೆಯ ತಿಂಡಿ ಮಾಡಿ ತರಬಲ್ಲ ಮಹಿಳಾ ವಿಭಾಗಗಳಿಗೆ, ತಮ್ಮ ವಲಯದಲ್ಲಿ ಈ ತಿಂಗಳು ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆಂಬ ಪಟ್ಟಿ ಇಟ್ಟುಕೊಳ್ಳುವುದು ಕಷ್ಟವೇ? ವಾರಕ್ಕೊಮ್ಮೆ ಇಬ್ಬರು ಹೋಗಿ ಒಂದು ಗಂಟೆ ಮಗುವನ್ನು ನೋಡಿಕೊಂಡರೆ ಆಕೆ ನಿದ್ರೆ ಮಾಡಿಯಾಳು. ಕನ್ನಡ ಬಲ್ಲ ಸ್ತ್ರೀರೋಗ ತಜ್ಞೆ, ಮಕ್ಕಳ ವೈದ್ಯರು, ನಂಬಿಕಸ್ಥ ಮಾಲಿಶ್ ಬಾಯಿ ಇವರ ಫೋನ್ ನಂಬರಿನ ಒಂದು ಹಾಳೆ ಸಂಘದ ಕಚೇರಿಯಲ್ಲಿದ್ದರೆ ಅದಕ್ಕೆ ದೇಣಿಗೆಯೂ ಬೇಡ, ಸಮಿತಿಯೂ ಬೇಡ.

ಕಾಗದಪತ್ರ

ಗಡಿಬಿಡಿಯಲ್ಲಿ ಮರೆತುಹೋಗಿ ಆಮೇಲೆ ವರ್ಷಗಟ್ಟಲೆ ಅಲೆಸುವುದು ಕಾಗದಪತ್ರಗಳು. ವೈಯಕ್ತಿಕ ಮೆಡಿಕ್ಲೇಮ್ ಪಾಲಿಸಿಗಳಲ್ಲಿ ಹೆರಿಗೆ ಖರ್ಚಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವರ್ಷ ಕಾಯಬೇಕು. ಬಸುರಿಯಾದ ಮೇಲೆ ಮಾಡಿಸಿದ್ದು ಈ ಸಲಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಕಂಪೆನಿಯ ಗುಂಪು ವಿಮೆಯಿದ್ದವರು ಮಗುವಿನ ಹೆಸರನ್ನು ಎಷ್ಟು ದಿನದೊಳಗೆ ಸೇರಿಸಬೇಕೆಂದು ಮೊದಲೇ ಕೇಳಿಟ್ಟುಕೊಳ್ಳಬೇಕು. ಮಗು ದಿನ ತುಂಬದೆ ಹುಟ್ಟಿ ಗಾಜಿನ ಪೆಟ್ಟಿಗೆ ಸೇರಿದರೆ ಖಾಸಗಿ ಆಸ್ಪತ್ರೆಯ ಬಿಲ್ಲು ದಿನದ ಲೆಕ್ಕದಲ್ಲಿ ಏರುತ್ತದೆ. ಬಯಕೆಯ ಹಾಲ್ ಬಾಡಿಗೆ, ಊಟದ ಎಲೆಯ ಲೆಕ್ಕ ಸ್ವಲ್ಪ ಇಳಿಸಿ ಆ ಹಣವನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಇಟ್ಟವರು ಪಶ್ಚಾತ್ತಾಪ ಪಟ್ಟದ್ದಿಲ್ಲ. ನಿಗದಿತ ವರ್ಗದ ಕುಟುಂಬಗಳಿಗೆ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000 ರೂ. ಸಿಗುತ್ತದೆ. ಅಂಗನವಾಡಿಯಲ್ಲಿ ವಿಚಾರಿಸಬೇಕು.

ಲಸಿಕೆಯ ವೇಳಾಪಟ್ಟಿ ಮುಖ್ಯವಾಗಿ ದೇಶಕ್ಕೆಲ್ಲ ಒಂದೇ. ಹುಟ್ಟಿದಾಗ ಬಿ.ಸಿ.ಜಿ., ಪೋಲಿಯೋ ಹನಿ, ಹೆಪಟೈಟಿಸ್ ಬಿ. ನಂತರ 6, 10, 14ನೇ ವಾರ. ಊರಿನಿಂದ ಮರಳುವ ಪ್ರಯಾಣ ಹೆಚ್ಚಾಗಿ ಬೀಳುವುದು ಕೊನೆಯ ಎರಡರ ನಡುವೆಯೇ. ಕರ್ನಾಟಕದ ತಾಯಿ ಕಾರ್ಡನ್ನು ಪೆಟ್ಟಿಗೆಯ ತಳಕ್ಕೆ ಹಾಕದೆ ಕೈಚೀಲದಲ್ಲಿಟ್ಟುಕೊಂಡು ಬಂದರೆ ಇಲ್ಲಿನ ಮುನಿಸಿಪಲ್ ದವಾಖಾನೆಯಲ್ಲಿ ಅದನ್ನೇ ನೋಡಿ ಮುಂದಿನದನ್ನು ಹಾಕುತ್ತಾರೆ.

ಜನನ ನೋಂದಣಿ 21 ದಿನದೊಳಗೆ, ಮಗು ಹುಟ್ಟಿದ ಊರಲ್ಲೇ ಆಗಬೇಕು. ಉಡುಪಿಯಲ್ಲಿ ಹುಟ್ಟಿದ ಮಗುವಿಗೆ ಅಂಧೇರಿಯ ವಾರ್ಡ್ ಆಫೀಸಿನಲ್ಲಿ ದಾಖಲೆ ಸಿಗದು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆ ಸೇರಲು, ಪಾಸ್‌ಪೋರ್ಟ್‌ಗೆ ಜನ್ಮದಿನದ ಪುರಾವೆ ಈ ಪ್ರಮಾಣಪತ್ರವೇ ಆದ್ದರಿಂದ ಅಕ್ಷರ ತಪ್ಪಿದರೆ ಮತ್ತೆ ಊರಿಗೇ ಓಡಬೇಕು. ಹೆಸರಿಡುವುದು ತಡವಾದರೆ ಹೆಸರಿಲ್ಲದೆಯೂ ನೋಂದಾಯಿಸಿ, ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಇನ್ನೊಂದು ಸಂಗತಿ: ಊರಲ್ಲಿ ಹೆಸರಿನ ಜತೆ ಇನಿಷಿಯಲ್ ಬರೆಸುವ ರೂಢಿ, ಮಹಾರಾಷ್ಟ್ರದ ಶಾಲೆಗಳಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಕುಲನಾಮ ಹೀಗೆ ಮೂರನ್ನೂ ಕೇಳುತ್ತಾರೆ. ತೊಟ್ಟಿಲ ಶಾಸ್ತ್ರದ ದಿನ ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಮೊದಲೇ ಆ ಮೂರನ್ನೂ ಇಂಗ್ಲಿಷ್ ಅಕ್ಷರದಲ್ಲಿ, ತಂದೆತಾಯಿಯ ಆಧಾರ್ ಕಾರ್ಡಿನಲ್ಲಿರುವಂತೆಯೇ, ಒಂದು ಕಾಗದದ ಮೇಲೆ ಬರೆದು ನೋಂದಣಿ ಮಾಡಿಸಲು ಹೋಗುವವರ ಕಿಸೆಗೆ ಹಾಕಿರಬೇಕು.